ಏಳು ಸೀಟಿನ ಗಾಡಿ

ಕಾರಿನ ವಿಷಯ ಚೆನ್ನಾಗಿ ಗೊತ್ತಿರುವವರೊಬ್ಬರು ಶೋರೂಮಿಗೆ ಬರುತ್ತಾರೆ ಎಂದು ಅಣ್ಣ ಹೇಳಿದ್ದ. ಬಂದವನು ಎಕ್ಸ್‌ರೇ. ಅಣ್ಣ, ಅತ್ತಿಗೆ, ಮಕ್ಕಳ ಜೊತೆ ಬಂದಿದ್ದ ಅವಳು ಅಮ್ಮನ ಹಿಂದೆ ಸರಿದಳು.

ಅವಳು ರಕ್ತಪರೀಕ್ಷೆ ಮಾಡುವ ಲ್ಯಾಬಿನಲ್ಲೇ ಅವನು ಎಕ್ಸ್‌ರೇ ತೆಗೆಯುವವನು. ಅಲ್ಲಿ ಎಲ್ಲರ ಬಾಯಲ್ಲೂ ಅವನ ಹೆಸರು ಅದೇ. ಅಣ್ಣ ಭುಜದ ನೋವಿಗೆಂದು ಹೋದಾಗ ಇಬ್ಬರೂ ಕಾರಿನ ಮಾತಿಗೆ ಬಿದ್ದು ಸ್ನೇಹಿತರಾಗಿದ್ದರು. ಅಣ್ಣನಿಗೆ ಗೊತ್ತಿಲ್ಲದ್ದು ಒಂದೇ: ತಿಂಗಳ ಹಿಂದೆ ಎಕ್ಸ್‌ರೇ ಅವಳನ್ನು, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದ. ಮನೆಯಲ್ಲಿ ಮಾತಾಡಿ ಹೇಳುತ್ತೇನೆ ಎಂದವಳು ಆಮೇಲೆ ಅವನ ಕಣ್ಣು ತಪ್ಪಿಸಿಕೊಂಡೇ ಓಡಾಡುತ್ತಿದ್ದಳು. ಇಲ್ಲ ಎನ್ನಲು ಸಂಕೋಚ ಇರಬೇಕು ಎಂದುಕೊಂಡು ಅವನೂ ಸುಮ್ಮನಾಗಿದ್ದ.

ಮನೆಯಲ್ಲಿ ಹೇಳುವುದಾದರೂ ಹೇಗೆ? ಮೂವತ್ತೈದು ತುಂಬಿದರೂ ಅವಳು ಎಲ್ಲರಿಗೂ ಪುಟ್ಟಿಯೇ. ಅಪ್ಪ ಹೋದ ಮೇಲೆ ಅಣ್ಣ ಅತ್ತಿಗೆ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡಿದ್ದರು. ಬೈದಿದ್ದರೆ ತಿರುಗಿ ಬೀಳಬಹುದಿತ್ತು. ಪ್ರೀತಿಗೆ ಯಾರಾದರೂ ತಿರುಗಿ ಬೀಳುತ್ತಾರೆಯೇ? ಬರಲಿರುವ ಕಾರನ್ನು ಓಡಿಸಬೇಕಾದವಳೂ ಅವಳೇ. ಅಣ್ಣ ಒಮ್ಮೆ ಕಲಿಯಲು ಹೋಗಿ ಕಾಂಪೌಂಡಿಗೆ ಗುದ್ದಿ, ಕೈಮುಗಿದುಬಿಟ್ಟಿದ್ದ. ಬೆಳಿಗ್ಗೆ ಮಕ್ಕಳ ಸ್ಕೂಲು, ಊಟದ ಬಿಡುವಿನಲ್ಲಿ ಅಮ್ಮನ ಫಿಸಿಯೋಥೆರಪಿ, ಸಂಜೆ ಅತ್ತಿಗೆಯ ಹೊಲಿಗೆ ಕ್ಲಾಸು. ಕಾರು ಬರುವ ಮೊದಲೇ ಅವಳ ದಿನಗಳನ್ನು ಅಕ್ಕರೆಯಿಂದಲೇ ಹಂಚಿಕೊಂಡಾಗಿತ್ತು.

ಅಣ್ಣನ ಮನಸ್ಸು ಏಳು ಸೀಟಿನ ದೊಡ್ಡ ಗಾಡಿಯ ಮೇಲೆ. ಅದರ ಟಿವಿಯಂಥ ಸ್ಕ್ರೀನು ನೋಡಿಯೇ ಅವನು ಸೋತಿದ್ದ. ಎಕ್ಸ್‌ರೇ ಸ್ಕ್ರೀನಿನತ್ತ ತಿರುಗಿಯೂ ನೋಡಲಿಲ್ಲ. ಹಿಂದಿನ ಸಾಲಿನಲ್ಲಿ ನೀವೇ ಒಂದ್ಸಲ ಕೂತು ನೋಡಿ ಎಂದು ಅಣ್ಣನನ್ನು ಹತ್ತಿಸಿದ. ಅಣ್ಣನ ಮೊಣಕಾಲು ಗಲ್ಲಕ್ಕೆ ಬಂತು. ಹತ್ತಿ ಇಳಿಯುವುದು ಅಮ್ಮನಿಗೆ ಕಷ್ಟವೇ ಎಂದೂ ಎಕ್ಸ್‌ರೇ ನೋಡಿದ. ಶೋರೂಮಿನ ಮುಂದಿನ ನುಣುಪು ರಸ್ತೆ ಬೇಡ, ನಿಮ್ಮ ಬೀದಿಯ ಗುಂಡಿಗಳಲ್ಲೇ ಓಡಿಸಿ ನೋಡೋಣ ಎಂದ. ಕೊನೆಗೆ, ದಿನಾ ಓಡಿಸುವವರು ಯಾರು ಎಂದು ಕೇಳಿದ.

"ಇನ್ಯಾರು, ನಮ್ಮ ಪುಟ್ಟಿ," ಎಂದರು ಅಮ್ಮ.

ಅವನು ಆಗ ಅವಳನ್ನು ನೋಡಿದ. ಅವಳು ತಲೆ ತಗ್ಗಿಸಿ ಬ್ಯಾಗಿನ ಜಿಪ್ ಎಳೆದಳು. ಅದು ಆಗಲೇ ಮುಚ್ಚಿತ್ತು. ಅದೂ ಅವನಿಗೆ ಕಂಡಿತೆಂದು ಅವನ ತುಟಿಯಂಚಿನ ನಗುವೇ ಹೇಳಿತು.

ಗಾಡಿ ತುಂಬಿಹೋದದ್ದರಿಂದ ಶೋರೂಮಿನವನು ಸ್ಕೂಟರಿನಲ್ಲಿ ಹಿಂದೆ ಬಂದ. ಎಕ್ಸ್‌ರೇಯನ್ನು ಅಣ್ಣನೇ ಮುಂದೆ, ಗಾಡಿ ಓಡಿಸಲು ಕೂತ ಅವಳ ಪಕ್ಕದಲ್ಲಿ ಕೂರಿಸಿ, ತಾನು ಮಕ್ಕಳ ಜೊತೆ ಹಿಂದೆ ಮಡಚಿಕೊಂಡ.

"ಸೀಟು ಮುಂದಕ್ಕೆ ಎಳ್ಕೊಳ್ಳಿ. ಕಾಲು ಎಟಕ್ತಿಲ್ಲ," ಎಂದ ಎಕ್ಸ್‌ರೇ.

"ಎಟಕುತ್ತೆ."

"ತುದಿಗಾಲಲ್ಲಿ ಬ್ರೇಕ್ ಹಾಕೋರನ್ನ ಈಗಲೇ ನೋಡ್ತಿರೋದು."

ಅವಳು ನಗು ನುಂಗಿ ಸೀಟು ಎಳೆದುಕೊಂಡಳು. ತಿಂಗಳಿನಿಂದ ಇಬ್ಬರ ನಡುವೆ ಇಷ್ಟು ಮಾತೂ ಆಗಿರಲಿಲ್ಲ.

ರೈಲ್ವೆ ಗೇಟು ಹಾಕಿತ್ತು. ಮುಂದೆ ಲಾರಿ, ಹಿಂದೆ ಬಸ್ಸು, ಅಲುಗಾಡಲು ಜಾಗವಿಲ್ಲ. ಹಿಂದಿನ ಸೀಟುಗಳಲ್ಲಿ ಯಾರನ್ನು ಮೊದಲು ಬಿಡಬೇಕು, ಯಾರನ್ನು ಆಮೇಲೆ ಕರೆತರಬೇಕು ಎಂಬ ಚರ್ಚೆ ಜೋರಾಯಿತು. ಭಾನುವಾರವೂ ಹಂಚಿಕೆಯಾಯಿತು. ಅವಳು ಗಾಜು ಇಳಿಸಲು ಹೋದಳು. ಯಾವ ಬಟನ್ನೆಂದು ತಿಳಿಯಲಿಲ್ಲ.

ಎಕ್ಸ್‌ರೇ ಮೆಲ್ಲಗೆ ಕೇಳಿದ. "ಈ ಗಾಡಿ ನಿಮಗೆ ಇಷ್ಟಾನಾ?"

ಈವರೆಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ಇಲ್ಲ," ಎಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಅಣ್ಣಾ, ನನಗೆ ಈ ಗಾಡಿ ಬೇಡ."

"ಅಭ್ಯಾಸ ಆಗುತ್ತೆ ಪುಟ್ಟಿ."

"ಅದೇ ಭಯ ನಂಗೆ. ಎಲ್ಲ ಅಭ್ಯಾಸ ಆಗ್ಬಿಡುತ್ತೆ." ಅವಳು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಳು. "ಇವರು ನನ್ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ರು. ನಾನು ಹೂಂ ಅಂತಿದ್ದೀನಿ."

ಯಾರಾದರೂ ಎದ್ದು ಹೋಗೋಣವೆಂದರೆ ಬಾಗಿಲಿಗೆ ತಾಗಿ ಬೇರೆ ಗಾಡಿ ನಿಂತಿತ್ತು. ಎಕ್ಸ್‌ರೇ ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

"ಹಾಗಾದ್ರೆ ಗಾಡಿ ಓಡ್ಸೋರು ಯಾರು?" ಎಂದ ಅಣ್ಣ. ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ನಾಚಿಕೆಯಾಯಿತು. "ಅಲ್ಲ... ಪುಟ್ಟಿ, ನನಗೆ ಯಾಕೆ ಹೇಳ್ಲಿಲ್ಲ?"

"ನೀವೇನು ಕೇಳಿದ್ರಾ?" ಎಂದಳು ಅತ್ತಿಗೆ.

ಅಮ್ಮ ಕಿಟಕಿಯತ್ತ ತಿರುಗಿ ಮೂಗೊರೆಸಿಕೊಂಡರು. ಅವರ ಒಪ್ಪಿಗೆ ಸಿಗಲು ಇನ್ನೂ ದಿನ ಹಿಡಿಯುತ್ತದೆಂದು ಅವಳಿಗೆ ಗೊತ್ತಿತ್ತು.

ರೈಲು ಹೋಯಿತು, ಗೇಟು ಎದ್ದಿತು. ಅವಳು ಕ್ಲಚ್ ಬೇಗ ಬಿಟ್ಟದ್ದರಿಂದ ಎಂಜಿನ್ ನಿಂತುಹೋಯಿತು. ಹಿಂದಿನ ಬಸ್ಸು ಹಾರ್ನ್ ಬಡಿಯತೊಡಗಿತು.

ಎಕ್ಸ್‌ರೇ ಕೀಯತ್ತ ಕೈ ಚಾಚಲಿಲ್ಲ. "ನಿಧಾನ," ಎಂದ. "ಕಾಯ್ತಾರೆ."

ಅವಳು ಮತ್ತೆ ಕೀ ತಿರುಗಿಸಿದಳು.