ಎಡಗೈಗೆ ಸಿಗುವಂತೆ ಇಟ್ಟ ಲೋಟ

ಮಂಗಳವಾರ ಸಂಜೆ 5.30ಕ್ಕೆ ಠಾಣೆಗೆ ಬಂದ ಹೆಂಗಸು ಬಸ್ ಕಂಡಕ್ಟರ್. ಸಮವಸ್ತ್ರ ಬದಲಿಸಿರಲಿಲ್ಲ, ಟಿಕೆಟ್ ಯಂತ್ರ ಇನ್ನೂ ಹೆಗಲಲ್ಲೇ ಇತ್ತು. ಆಕೆಯ ಗಂಡ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ದಿನವೂ ಒಂಬತ್ತರಿಂದ ಹನ್ನೊಂದೂವರೆವರೆಗೆ ಆರೈಕೆ ಸಂಸ್ಥೆಯ ಸಹಾಯಕಿ ಬಂದು ನೋಡಿಕೊಳ್ಳುತ್ತಿದ್ದಳು. ಒಂದು ಗಂಟೆಗೆ ಹೆಂಡತಿ ಮನೆ ಸೇರುತ್ತಿದ್ದಳು. ಅಂದು ಜೊತೆಯವರೊಬ್ಬರು ರಜೆ ಹಾಕಿ ಹೆಚ್ಚುವರಿ ಟ್ರಿಪ್ ತಲೆಗೆ ಬಂದಿದ್ದರಿಂದ ಬೀಗ ತೆಗೆದಾಗ 4.10 ಆಗಿತ್ತು. ಗಂಡ ನೆಲದ ಮೇಲೆ ಬಿದ್ದಿದ್ದ. ಆಸ್ಪತ್ರೆಗೆ ಸೇರಿಸಿದಾಗ ಸೊಂಟದ ಮೂಳೆ ಮುರಿದಿರುವುದು ಗೊತ್ತಾಯಿತು.

"ಬಿದ್ದಿದ್ದಕ್ಕೆ ನಾನು ಬಂದಿಲ್ಲ ಸಾರ್. ನನ್ನ ಕೈಯಿಂದಾನೂ ಒಂದ್ಸಲ ಜಾರಿದ್ರು. ಎಷ್ಟು ಹೊತ್ತು ಹಾಗೇ ಬಿದ್ದಿದ್ರು ಅಂತ ಗೊತ್ತಾಗ್ಬೇಕು. ನಾಳೆ ಇನ್ಯಾರದೋ ಕೈಗೆ ಕೀ ಕೊಟ್ಟು ನಾನು ಡ್ಯೂಟಿಗೆ ಹೋಗ್ಬೇಕಲ್ಲ?"

5.50ಕ್ಕೆ ಎಫ್‌ಐಆರ್ ದಾಖಲಾಯಿತು. 6.30ಕ್ಕೆ ಇನ್ಸ್‌ಪೆಕ್ಟರ್ ಮನೆಗೆ ಹೋದರು. ಜೊತೆಗೆ ಬಂದ ಮಹಿಳಾ ಪೇದೆಗೆ ಠಾಣೆಯಲ್ಲಿ ಟೇಪಕ್ಕ ಎಂದೇ ಹೆಸರು. ಪಂಚನಾಮೆಗೆ ಹೋದಲ್ಲೆಲ್ಲ ಬಾಗಿಲಿನಿಂದ ಬಚ್ಚಲವರೆಗೆ ಅಳೆಯದೆ ಅವಳಿಗೆ ಸಮಾಧಾನವಿಲ್ಲ. ಈ ಸಲ ಅವಳ ಅಳತೆಯೇ ಕೈಹಿಡಿಯಿತು. ನೆಲದ ಮೇಲೆ ದಿಂಬು, ಹೊದಿಕೆ ಮತ್ತು ಹೀರುಕೊಳವೆ ಹಾಕಿದ ಖಾಲಿ ಲೋಟ ಇದ್ದವು. ಹೆಂಡತಿ ಬಂದಾಗ ದಿಂಬು ತಲೆಯ ಕೆಳಗಿತ್ತು, ಹೊದಿಕೆ ಎದೆಯವರೆಗಿತ್ತು. ಲೋಟ ಅವನ ಎಡಗೈಯಿಂದ ಒಂದು ಗೇಣು ದೂರದಲ್ಲಿತ್ತು. ದಿಂಬು ಇರುತ್ತಿದ್ದುದು ಬೀರುವಿನ ಮೇಲಿನ ಅರೆಯಲ್ಲಿ, ನೆಲದಿಂದ ಐದೂವರೆ ಅಡಿ ಎತ್ತರದಲ್ಲಿ.

ಆದರೆ ಸಹಾಯಕಿಯ ರಿಜಿಸ್ಟರ್‌ನಲ್ಲಿ 11.30ರ ಸಾಲು ಹೀಗಿತ್ತು: ಕುರ್ಚಿಯಲ್ಲಿ ಕೂರಿಸಲಾಗಿದೆ, ಕ್ಷೇಮ.

ತಾನಾಗಿ ಜಾರಿ ಬಿದ್ದವನು ಎದ್ದು ಬೀರು ತೆಗೆಯುವುದಿಲ್ಲ. ಮನೆಗಿದ್ದ ಕೀಲಿಗಳು ಎರಡೇ, ಒಂದು ಹೆಂಡತಿಯ ಬಳಿ, ಇನ್ನೊಂದು ಸಹಾಯಕಿಯ ಬಳಿ.

ಬುಧವಾರ ಬೆಳಿಗ್ಗೆ 10ಕ್ಕೆ ಸಂಸ್ಥೆಯ ಮ್ಯಾನೇಜರ್ ಕಡತ ಮುಂದಿಟ್ಟ. ಮೊದಲ ಪುಟದಲ್ಲೇ, ಈ ರೋಗಿಯನ್ನು ಎತ್ತಲು ಇಬ್ಬರು ಬೇಕು ಎಂದಿತ್ತು. ಎರಡನೆಯವರು ಕೊನೆಗೆ ಹೋದದ್ದು ಯಾವಾಗ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಜನ ಸಿಗುವುದಿಲ್ಲ, ಆಕೆ ಹತ್ತೊಂಬತ್ತು ವರ್ಷದ ಅನುಭವಸ್ಥೆ, ವರ್ಷಕ್ಕೊಮ್ಮೆ ಮರಳಿನ ಮೂಟೆ ಎತ್ತಿಸಿ ನೋಡುತ್ತೇವೆ, ಎತ್ತಲಾಗದವರನ್ನು ಇಟ್ಟುಕೊಳ್ಳುವುದಿಲ್ಲ ಎಂದು ಅವನು ನುಣುಚಿಕೊಳ್ಳಲು ನೋಡಿದ. ಇನ್ಸ್‌ಪೆಕ್ಟರ್‌ಗೆ ಮೈ ಉರಿಯಿತು. ಮೂಟೆಯನ್ನು ವರ್ಷಕ್ಕೊಮ್ಮೆ ಎತ್ತುತ್ತಾರೆ, ಮನುಷ್ಯನನ್ನು ದಿನವೂ ಎತ್ತಬೇಕು ಎಂದು ಹೇಳಿ, ಕಡತವನ್ನು ವಶಕ್ಕೆ ಪಡೆದರು. ಮ್ಯಾನೇಜರ್ ಎರಡನೇ ಆರೋಪಿಯಾದ.

ಮಧ್ಯಾಹ್ನ 3.15ಕ್ಕೆ ಸಹಾಯಕಿ ಠಾಣೆಗೆ ಬಂದಳು. ಐವತ್ತರ ಆಸುಪಾಸಿನವಳು. ಕೂರಲು ಹೇಳಿದರೂ ಗೋಡೆಗೆ ಒರಗಿ ನಿಂತೇ ಇದ್ದಳು.

"ನೀವು ಹೊರಟಾಗ ಅವರು ಎಲ್ಲಿದ್ರು?"

"ಕುರ್ಚಿ ಮೇಲೆ ಸಾರ್."

"ಕೂರಿಸಿದ್ದು ಯಾರು?"

"ನಾನೇ."

"ಒಬ್ಬರೇ?"

"ಯಾವಾಗ್ಲೂ ಒಬ್ಬಳೇ."

ಇನ್ಸ್‌ಪೆಕ್ಟರ್ ಮೂಲೆಯಲ್ಲಿದ್ದ ತುಂಬಿದ ನೀರಿನ ಕ್ಯಾನ್ ತೋರಿಸಿದರು. "ಅದನ್ನ ಈ ಸ್ಟೂಲ್ ಮೇಲೆ ಇಡಿ."

ಆಕೆ ಕ್ಯಾನಿನ ಹತ್ತಿರ ಹೋದಳು. ಮಂಡಿ ಮಡಿಸಿ ಅದರ ಕತ್ತಿಗೆ ಕೈ ಹಾಕಿದಳು. ಹಣೆಯಲ್ಲಿ ಬೆವರು ಮೂಡಿತು, ಕ್ಯಾನ್ ಅಲುಗಲಿಲ್ಲ. ಹಾಗೇ ಕುಕ್ಕರಗಾಲಲ್ಲಿ ಕೂತು ಬಾಯಿಬಿಟ್ಟಳು.

ಬೆನ್ನು ಕೈಕೊಟ್ಟು ಆರು ತಿಂಗಳಾಗಿತ್ತು. ನೋವಿನ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದಳು, ಮೂಟೆ ಎತ್ತುವ ದಿನ ನಾಲ್ಕು ನುಂಗಿದ್ದಳು. ಮಂಗಳವಾರ 11.10ಕ್ಕೆ ಹಾಸಿಗೆಯಿಂದ ಕುರ್ಚಿಗೆ ದಾಟಿಸುವಾಗ ಅವನು ಅವಳ ತೋಳಿನಿಂದ ಜಾರಿದ. ಎರಡು ಸಲ ಎತ್ತಲು ನೋಡಿದಳು. ಮೂರನೇ ಸಲ ಅವಳಿಗೇ ಕಣ್ಣು ಕತ್ತಲೆ ಬಂತು. ಕೊನೆಗೆ ತಲೆಗೆ ದಿಂಬು ಕೊಟ್ಟು, ಹೊದಿಸಿ, ಆಡುವ ಕೈಯ ಹತ್ತಿರ ನೀರಿಟ್ಟು, ಬೀಗ ಹಾಕಿದಳು.

"ಪಕ್ಕದ ಮನೆಯವರನ್ನ ಕರೀಬಹುದಿತ್ತಲ್ಲ?"

"ಕರೆದಿದ್ರೆ ನನ್ನ ಕೈಲಾಗಲ್ಲ ಅಂತ ಎಲ್ರಿಗೂ ಗೊತ್ತಾಗ್ತಿತ್ತು ಸಾರ್. ನಂಗೆ ಬರೋದು ಇದೊಂದೇ. ಒಂದು ಗಂಟೆಗೆ ಅಕ್ಕ ಬಂದೇ ಬರ್ತಾರೆ ಅಂದ್ಕೊಂಡೆ. ಮೂಳೆ ಮುರಿದಿದೆ ಅಂತ ಗೊತ್ತಿರ್ಲಿಲ್ಲ, ಅವರಿಗೆ ಹೇಳೋಕೆ ಬಾಯಿಲ್ಲ."

ಇನ್ಸ್‌ಪೆಕ್ಟರ್‌ಗೆ ಮರುಕವೂ ಆಯಿತು, ಸಿಟ್ಟೂ ಇಳಿಯಲಿಲ್ಲ. ಅವರು ಆಸ್ಪತ್ರೆಗೆ ಫೋನ್ ಮಾಡಿ ಕಂಡಕ್ಟರ್‌ಗೆ, ಗಂಡ ನೆಲದ ಮೇಲೆ ಬಿದ್ದಿದ್ದದ್ದು ಐದು ಗಂಟೆ ಹೊತ್ತು ಎಂದು ತಿಳಿಸಿದರು. ಕೇಸು ಹಿಂದಕ್ಕೆ ತಗೊಳ್ಳಲ್ಲ ಸಾರ್ ಎಂದಷ್ಟೇ ಹೇಳಿ ಆಕೆ ಫೋನ್ ಇಟ್ಟಳು.

ನಿರ್ಲಕ್ಷ್ಯದಿಂದ ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ 4.40ಕ್ಕೆ ಸಹಾಯಕಿಯನ್ನು ಬಂಧಿಸಲಾಯಿತು. ಮ್ಯಾನೇಜರ್‌ನನ್ನು ಕರೆತರಲು ಇನ್ನೊಂದು ತಂಡ ಹೊರಟಿತು. ವೈದ್ಯಕೀಯ ತಪಾಸಣೆಗೆ ಒಯ್ಯಲು ಜೀಪ್ ಬಂತು. ಅದರ ಮೆಟ್ಟಿಲು ಎತ್ತರ, ಆಕೆಗೆ ಕಾಲು ಎತ್ತಿಡಲಾಗಲಿಲ್ಲ. ಟೇಪಕ್ಕ ಹಿಂದಿನಿಂದ ಬಾಗಿ ಅವಳ ಕಂಕುಳಿಗೆ ಕೈ ಹಾಕಿದಳು.

"ಹಾಗೆ ಬೇಡಮ್ಮ, ಬೆನ್ನು ಹೋಗತ್ತೆ," ಎಂದಳು ಸಹಾಯಕಿ. "ಬೆನ್ನು ನೆಟ್ಟಗಿಟ್ಟು ಮಂಡಿ ಮಡಚು. ನನ್ನನ್ನ ನಿನ್ನ ಮೈಗೆ ಒತ್ತಿ ಹಿಡ್ಕೊ. ಈಗ ಎತ್ತು."

ಟೇಪಕ್ಕ ಹಾಗೆಯೇ ಎತ್ತಿದಳು.