ಒಂದು ಸೇತುವೆಯ ಬಳಿ ಮಾತ್ರ ಇಳಿದ ನೆರೆ

"ನಮ್ಮವರು ನಿದ್ದೆ ಹೋಗಿರಲಿಲ್ಲ, ದೊಡ್ಡಮ್ಮ. ಹಲಗೆ ನೋಡ್ತಾನೇ ಕೂತಿದ್ರು."

ಬಾಗಿಲಲ್ಲೇ ನಿಂತು ಹೆಂಗಸೊಬ್ಬಳು ಹೇಳಿದಳು. ಅವಳ ಗಂಡ ಸೇತುವೆಯ ಬಳಿ ನದಿಯ ಮಟ್ಟ ನೋಡುವವನು. ಕಂಬಕ್ಕೆ ಬಿಗಿದ ಅಳತೆ ಹಲಗೆಯ ಕೆಂಪು ಗೆರೆಗೆ ನೀರು ಮುಟ್ಟಿದರೆ ಸೈರನ್ ಕೂಗಿಸಬೇಕು. ಕಳೆದ ವಾರ ಸೈರನ್ ಕೂಗಲಿಲ್ಲ. ನೆರೆ ದಂಡೆ ಹತ್ತಿ ದೋಣಿಯವನನ್ನು ಕೊಚ್ಚಿಕೊಂಡು ಹೋಯಿತು. ಕಾವಲಿನವನು ಗೊರಕೆ ಹೊಡೆಯುತ್ತಿದ್ದ ಎಂದು ನದಿಯ ಒಡ್ಡಿನ ಎಂಜಿನಿಯರ್ ದೂರು ಕೊಟ್ಟಿದ್ದರು. ನಾಡಿದ್ದು ವಿಚಾರಣೆ. ತಪ್ಪು ತಲೆಗೆ ಬಂದರೆ ಜೈಲು.

ಊರಿಗೆಲ್ಲ ದೊಡ್ಡಮ್ಮನಾಗಿದ್ದ ಆ ಪತ್ತೇದಾರಿಣಿ ಕನ್ನಡಕ ಒರೆಸಿಕೊಂಡರು. ಇನ್ನು ಹಿಡಿದ ಪಟ್ಟು ಬಿಡುವುದಿಲ್ಲ ಎಂದು ಜೊತೆಗಿದ್ದ ತಂಗಿಯ ಮಗಳಿಗೆ ಗೊತ್ತಾಯಿತು.

ಮೊದಲು ಎಂಜಿನಿಯರರ ಕೋಣೆ. ಸೇತುವೆಗಿಂತ ಮೇಲೆ ತಾವು ಕಟ್ಟಿಸಿದ ಒಡ್ಡಿನಿಂದ ನಾಲ್ಕು ವರ್ಷದಿಂದ ನೆರೆ ತಗ್ಗಿದೆ ಎಂದು ಅವರು ಗೋಡೆಯ ಪ್ರಶಸ್ತಿ ತೋರಿಸಿದರು. ಮೇಜಿನ ಕಾಗದಗಳ ಮೇಲೆ ಚೌಕ ತಲೆಯ ದಪ್ಪ ಬೋಲ್ಟೊಂದು ಕೂತಿತ್ತು. ಒಡ್ಡಿನ ಬಾಗಿಲುಗಳಿಗೆಂದೇ ಮಾಡಿಸಿದ್ದಂತೆ, ಬೇರೆಲ್ಲೂ ಇಲ್ಲವಂತೆ, ಉಗ್ರಾಣದ ಬೀಗದಕೈ ತಮ್ಮ ಬಳಿಯೇ ಅಂತೆ.

ಆಮೇಲೆ ಹಲಗೆಗೆ ಬಣ್ಣ ಬಳಿದವನನ್ನು ಹುಡುಕಿದರು. ಅವನೇ ಗೆರೆ ತಪ್ಪಿಸಿರಬೇಕೆಂದು ಹುಡುಗಿಯ ಗುಮಾನಿ. ಹಗ್ಗಕ್ಕೆ ಜೋತುಬಿದ್ದು, ಹಳೆ ಗೆರೆಯ ಮೇಲೇ ಬಳಿದೆ, ಹಲಗೆ ಬಿಚ್ಚಲೇ ಇಲ್ಲ ಎಂದ ಅವನು. ಅಳೆದು ನೋಡಿದರೆ ಗೆರೆಗಳ ನಡುವಿನ ಅಂತರ ಸರಿಯಾಗೇ ಇತ್ತು.

ಮನೆಗೆ ಬಂದು ಹುಡುಗಿ ಮೇಲ್ಸೀಮೆ, ನಡುಸೀಮೆ, ಕೆಳಸೀಮೆಗಳಲ್ಲಿ ವರ್ಷವರ್ಷವೂ ನದಿ ಏರಿದ ಗರಿಷ್ಠ ಮಟ್ಟವನ್ನು ಒಂದೇ ಹಾಳೆಯಲ್ಲಿ ಗೆರೆಗಳಾಗಿ ಎಳೆದಳು. ಮೂರು ಸೀಮೆಗೆ ಮೂರು ಕಚೇರಿ. ಇದುವರೆಗೆ ಯಾರೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಮೂರೂ ಜೊತೆಜೊತೆಗೆ ಏರಿಳಿಯುತ್ತಿದ್ದವು. ನಾಲ್ಕು ವರ್ಷದಿಂದ ಈ ಸೇತುವೆಯಿರುವ ನಡುಸೀಮೆಯ ಗೆರೆಯೊಂದೇ ಕುಸಿದಿತ್ತು.

"ಒಡ್ಡು ತಡೆದಿರಬೇಕು," ಎಂದಳು.

"ತಡೆದಿದ್ರೆ ಕೆಳಗಿನೋರಿಗೂ ಇಳೀಬೇಕಿತ್ತಲ್ಲೇ. ನಡುವೆ ನೀರು ಹೆಚ್ಚಿಸೋಕೆ ಒಂದು ಹಳ್ಳವೂ ಸೇರಲ್ಲ."

ವಿಚಾರಣೆಯ ಬೆಳಿಗ್ಗೆ ದೊಡ್ಡಮ್ಮ ಅದನ್ನು ನಡೆಸುವ ಅಧಿಕಾರಿಯನ್ನೂ ಉಳಿದವರನ್ನೂ ಸೇತುವೆಯ ಕೆಳಗೆ ಕರೆಸಿದರು. ನೀರು ತಗ್ಗಿತ್ತು. ಕಂಬದ ಮೇಲೆ ಕಳೆದ ವಾರದ ನೆರೆಯ ಕೆಸರು ಗುರುತು ಹಲಗೆಯ ಕೆಂಪು ಗೆರೆಗಿಂತ ಕೆಳಗೇ ಇತ್ತು. ಎಂದರೆ ಕಾವಲಿನವನು ಎಚ್ಚರವಿದ್ದರೂ ಸೈರನ್ ಕೂಗಿಸುವಂತಿರಲಿಲ್ಲ. ಇಳಿದದ್ದು ನದಿಯಲ್ಲ, ಏರಿದ್ದು ಹಲಗೆ ಎಂದು ಅವರು ಮೂರು ಗೆರೆಗಳ ಹಾಳೆ ಬಿಡಿಸಿಟ್ಟರು. ಹುಡುಗಿ ಕಂಬ ಉಜ್ಜಿದಳು. ಹಲಗೆಯ ಬೋಲ್ಟುಗಳಿಗಿಂತ ಒಂದು ಮೊಳ ಕೆಳಗೆ ಕೆಸರು ಮೆತ್ತಿದ ಹಳೆ ತೂತುಗಳು ಕಂಡವು. ಈಗ ಬಿಗಿದ ಬೋಲ್ಟುಗಳ ತಲೆ ಒಡ್ಡಿನ ಬೋಲ್ಟಿನಂತೆ ಚೌಕವಾಗಿತ್ತು. ಕಾವಲಿನವನು ಈ ಸೇತುವೆಗೆ ಬಂದದ್ದೇ ಎರಡು ವರ್ಷದ ಹಿಂದೆ. ಹಳೆ ಜಾಗ ಅವನು ಕಂಡಿರಲಿಲ್ಲ.

ಎಲ್ಲರೂ ಎಂಜಿನಿಯರರತ್ತ ತಿರುಗಿದರು.

"ನನ್ನ ಒಡ್ಡು ನೆರೆ ತಡೆಯುತ್ತೆ ಅಂತ ನಂಬಿದ್ದೆ," ಎಂದರು ಅವರು.

"ನಂಬಿದ್ರೆ ಹಲಗೆ ಯಾಕೆ ಮುಟ್ಟಿದ್ರಿ?"

ಹೀಗೆ ಕೇಳಿ ದೊಡ್ಡಮ್ಮ ಕಾವಲಿನವನತ್ತ ಸ್ಪ್ಯಾನರ್ ಚಾಚಿದರು. ಕಾವಲಿನವನು ತಾನೇ ಹಲಗೆ ಬಿಚ್ಚಿ ಹಳೆ ತೂತುಗಳಿಗೆ ಬಿಗಿದ. ಕೆಂಪು ಗೆರೆ ಈಗ ಕಂಬದ ಕೆಸರು ಗುರುತಿಗಿಂತ ಕೆಳಗಿತ್ತು. ಅಧಿಕಾರಿ ದೂರಿನ ಕಾಗದ ಮಡಚಿ ಎಂಜಿನಿಯರರನ್ನು ತಮ್ಮ ಜೊತೆ ಬರಹೇಳಿದರು.

ಒಂದು ವಾರದಿಂದ ನಿದ್ದೆಯಿಲ್ಲದೆ ಕಣ್ಣು ಕೆಂಪಗಾಗಿದ್ದ ಗಂಡನ ಕೈಯಿಂದ ಹೆಂಡತಿ ಸ್ಪ್ಯಾನರ್ ತೆಗೆದುಕೊಂಡಳು.

"ಬನ್ನಿ," ಎಂದಳು. "ಇನ್ನಾದ್ರೂ ಸ್ವಲ್ಪ ನಿದ್ದೆ ಮಾಡಿ."