ಒತ್ತಿದ ಪುಟಗಳ ಎಣಿಕೆ

ಬಡ್ತಿ ಅವನಿಗೆ ಸಿಕ್ಕಿತು. ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತಿದವನು, ಡೇಟಾಬೇಸಿನ ಅಆಇಈ ಅವಳಿಂದಲೇ ಕಲಿತವನು, ಈಗ ಗಾಜಿನ ಕೋಣೆಯಲ್ಲಿ ಕೂತು ಅವಳ ರಜೆಗೆ ಸಹಿ ಹಾಕುತ್ತಿದ್ದ. ಪಾರ್ಸೆಲ್ ಕಂಪನಿಯ ಹಳೇ ಸರ್ವರ್ ಜಾಗ ಸಾಲದೆ ಏದುಸಿರು ಬಿಡುತ್ತಿದ್ದಾಗ, ಮಾಹಿತಿಯ ಪುಟಗಳನ್ನು ಒತ್ತಿ ಚಿಕ್ಕದಾಗಿಸಿ ಬದುಕಿಸಿದವಳು ಅವಳು. ಚಪ್ಪಾಳೆ ಮಾತ್ರ ಅವನಿಗೆ. ಹೊಟ್ಟೆ ಉರಿಯಿತು. ಉರಿದರೆ ಉರಿಯಲಿ, ಸುಮ್ಮನೆ ಕೂರುವವಳಲ್ಲ ತಾನು.

ನಿರ್ದೇಶಕಿಯ ಮುಂದೆ ಅವನು ಹೊಸ ಬುಕಿಂಗ್ ವ್ಯವಸ್ಥೆ ತೋರಿಸುವ ದಿನವೇ ಅವನ ಮಾನ ಹೋಗಬೇಕು. ಅವಳಿಗದು ನೀರು ಕುಡಿದಷ್ಟು ಸುಲಭ. ಒತ್ತಿದ ಪುಟ ಓದಬೇಕೆಂದರೆ ಸರ್ವರ್ ಅದನ್ನು ಬಿಡಿಸಬೇಕು. ಒತ್ತಿದ್ದೂ ಬಿಡಿಸಿದ್ದೂ ಎರಡೂ ಮೆಮೊರಿಯಲ್ಲಿ ಜಾಗ ಹಿಡಿಯುತ್ತವೆ. ಬೇಡದ ಪುಟಗಳನ್ನೆಲ್ಲ ಒಟ್ಟಿಗೆ ಬಿಡಿಸಲು ಹಚ್ಚಿದರೆ ಮೆಮೊರಿ ಚೂರುಚೂರಾಗಿ ತುಂಬಿ ಬುಕಿಂಗ್ ಅಲ್ಲಾಡದೆ ನಿಲ್ಲುತ್ತದೆ. ಕುರುಹು ಉಳಿಯುವುದು ಒಂದೇ ಕಡೆ: ಆ ಚೂರುಗಳು ಎಷ್ಟು ಸಲ ಜಾಗ ಬದಲಿಸಿದವು ಎಂಬ ಎಣಿಕೆಯಲ್ಲಿ. ಅದಕ್ಕೆ ಎರಡು ಬಾಗಿಲು. ಒಂದರಿಂದ ನೋಡಿದರೆ ಎಣಿಕೆ ಹಾಗೇ ಇರುತ್ತದೆ. ಇನ್ನೊಂದರಿಂದ ನೋಡಿದರೆ, ನೋಡಿದ ಕ್ಷಣವೇ ಸೊನ್ನೆ. ಎರಡನೆಯದಕ್ಕೆ ಅನುಮತಿ ಇದ್ದದ್ದು ಅವಳೊಬ್ಬಳಿಗೇ. ಅಳಿಸಿದ ಮೇಲೆ ಬುಕಿಂಗ್ ಕೌಂಟರುಗಳ ದಿನದ ಕೆಲಸದಿಂದ ಮತ್ತೆ ಮಾಮೂಲಿ ಅಂಕಿ ತುಂಬಿಕೊಳ್ಳುತ್ತದೆ. ಆಮೇಲೆ ಯಾರಿಗೆ ಗೊತ್ತಾಗಬೇಕು?

ಅಂದುಕೊಂಡಂತೆಯೇ ಆಯಿತು. ಪರದೆ ಗರಬಡಿದು ನಿಂತಿತು, ಅವನು ಬೆವೆತ. ಅವಳು ಗಾಬರಿಯ ಮುಖ ಮಾಡಿಕೊಂಡು ನುಗ್ಗಿ, ಇನ್ನು ಸರ್ವರನ್ನು ತಾನೇ ನೋಡಿಕೊಳ್ಳುವುದಾಗಿ ಕೌಂಟರಿನವರಿಗೆಲ್ಲ ಹೇಳಿ, ತಾನು ಹಚ್ಚಿದ್ದನ್ನು ನಿಲ್ಲಿಸಿದಳು. ಎಣಿಕೆಯನ್ನೂ ಅಳಿಸಿದಳು. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಊಟದ ಹೊತ್ತಿಗೆ ನಿರ್ದೇಶಕಿ ಇಬ್ಬರನ್ನೂ ಕರೆದು ಕಾರಣ ಕೇಳಿದರು. ಅವಳು ತಲೆ ಎತ್ತಿಯೇ ಉತ್ತರಿಸಿದಳು.

"ಮೆಮೊರಿದೇನೂ ತಪ್ಪಿಲ್ಲ ಮೇಡಂ. ಇವರು ತಂದ ಹೊಸ ವ್ಯವಸ್ಥೆನೇ ಸರಿಯಿಲ್ಲ. ಬೇಕಾದ್ರೆ ನೀವೇ ನೋಡಿ."

ಮೊದಲನೇ ಬಾಗಿಲಿನಿಂದ ಎಣಿಕೆಯನ್ನು ಗೋಡೆಯ ಪರದೆಗೆ ಹಾಕಿದಳು. ಸಾಲಿಗೆ ಸಾಲು ಸೊನ್ನೆ.

"ಸರ್ವರ್ ಆಫ್ ಮಾಡೇ ಇಲ್ವಲ್ಲ ಅಕ್ಕಾ, ಈ ಸೊನ್ನೆ ಎಲ್ಲಿಂದ ಬಂತು?" ಎಂದ ಅವನು.

ಆಫ್ ಮಾಡಿ ಮತ್ತೆ ಶುರು ಮಾಡದ ಸರ್ವರಿನಲ್ಲಿ ಸೊನ್ನೆ ಬರುವುದು ಎರಡನೇ ಬಾಗಿಲಿನಿಂದ ಮಾತ್ರ. ಅದನ್ನು ಅವನಿಗೆ ಕಲಿಸಿದವಳೂ ಅವಳೇ. ನಿರ್ದೇಶಕಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಅವಳು ಜಗ್ಗಲಿಲ್ಲ. ಇಷ್ಟು ಹೊತ್ತಿಗೆ ಅಂಕಿ ತುಂಬಿರಬೇಕಿತ್ತಲ್ಲ, ಕೌಂಟರಿನವರೆಲ್ಲ ಏನು ಮಾಡುತ್ತಿದ್ದಾರೆ ಎಂದು ಅವನನ್ನೇ ಗದರಿದಳು. ಅವನು ಮೆಲ್ಲಗೆ ಹೇಳಿದ: "ಸುಮ್ನೆ ಕೂತಿದಾರೆ ಅಕ್ಕಾ. 'ನಾನು ಹೇಳೋ ತನಕ ಯಾರೂ ಮುಟ್ಬೇಡಿ' ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ, ಇನ್ನೂ ಯಾರೂ ಮುಟ್ಟಿಲ್ಲ."